ಸೂತಿಕಾಪಥ್ಯವೂ ಮಲೆನಾಡಿನ ಬಾಣಂತನವೂ

೧

ಕನ್ನಡದಲ್ಲಿ ‘ಪಥ್ಯ’ವೆಂಬ ಶಬ್ದಕ್ಕೆ ಎರಡು ಬಗೆಯ ಪ್ರಯೋಗವುಂಟು. ‘ಆ ಮಾತು ಅವನಿಗೆ ಪಥ್ಯವಾಗಲಿಲ್ಲ’ ಎಂದರೆ ಮನಸ್ಸಿಗೆ ಹಿಡಿಸಲಿಲ್ಲ, ಒಗ್ಗಲಿಲ್ಲ ಎಂದರ್ಥ. ‘ಅವಳು ಪಥ್ಯದಲ್ಲಿದ್ದಾಳೆ’ ಎಂದರೆ ಮಾತ್ರ, ಉಣ್ಣತಕ್ಕುದನ್ನು ಉಣ್ಣುತ್ತಿದ್ದಾಳೆಂದು ಕೇಳಿದವರು ಗ್ರಹಿಸುವುದಿಲ್ಲ; ಹಲವನ್ನು ಬಿಟ್ಟಿದ್ದಾಳೆಂದೇ ಗ್ರಹಿಸುತ್ತಾರೆ. ಇವುಗಳಲ್ಲಿ ಮೊದಲನೆಯ ಪ್ರಯೋಗವು ಶಬ್ದದ ಮೂಲಾರ್ಥಕ್ಕೆ ಸಮೀಪವಾದುದು. ಪಾಣಿನಿಯು ನಾಲ್ಕನೆಯ ಅಧ್ಯಾಯದ ತದ್ಧಿತಪ್ರಕರಣದಲ್ಲಿ ಧರ್ಮ್ಯ, ಅರ್ಥ್ಯ, ನ್ಯಾಯ್ಯ ಎಂಬ ಶಬ್ದಗಳೊಡನೆ ಪಥ್ಯಶಬ್ದವನ್ನೂ ಸಾಧಿಸಿ, ದಾರಿಯಿಂದ ತೊಲಗದೆ ಇರುವುದು ಎಂಬರ್ಥವನ್ನು ಅದಕ್ಕೆ ಕೊಟ್ಟಿದ್ದಾನೆ. ಚರಕಸಂಹಿತೆಯ ಸೂತ್ರಸ್ಥಾನದ ೨೫ನೆಯ ಅಧ್ಯಾಯವು ಆ ಅರ್ಥವನ್ನೇ ಹಿಡಿದು, ದೇಹಮಾರ್ಗಕ್ಕೆ ಹಿತವಾಗಿರುವುದರ ಜೊತೆಗೆ ಮನಸ್ಸಿಗೆ ಪ್ರಿಯವಾಗಿರುವುದನ್ನೂ ಪಥ್ಯದ ಲಕ್ಷಣದಲ್ಲಿ ಸೇರಿಸುತ್ತದೆ. ಆದಕಾರಣ ಶಾಸ್ತ್ರದಲ್ಲಿ ಪಥ್ಯವೆಂಬುದು ಪ್ರಧಾನವಾಗಿ ಕೊಡತಕ್ಕ ಆಹಾರದ ಹೆಸರು. ಬಿಡತಕ್ಕುದಕ್ಕೆ ಅಪಥ್ಯವೆಂಬ ಬೇರೆ ಶಬ್ದವೇ ಇದೆ.

ಲೋಕರೂಢಿಯಲ್ಲಿ ಕೊಡುವ ಅರ್ಥವು ಕುಗ್ಗಿ ಬಿಡುವ ಅರ್ಥವು ಹಿಗ್ಗಿತು. ಈ ವ್ಯತ್ಯಾಸವು ಮಿಕ್ಕ ರೋಗಿಗಳಿಗಿಂತಲೂ ಹೆಚ್ಚಾಗಿ ಬಾಣಂತಿಯ ಊಟದ ಎಲೆಯ ಮೇಲೆ ಪರಿಣಾಮವನ್ನುಂಟುಮಾಡಿದೆ. ಅರ್ಥಸಂಕೋಚವೆಂದು ವೈಯಾಕರಣರು ಹೇಳಿ ಮುಗಿಸುವ ಸಂಗತಿಯು ಇಲ್ಲಿ ತಾಯಿಯ ಬಲಾಬಲಗಳಿಗೆ, ಒಮ್ಮೊಮ್ಮೆ ಪ್ರಾಣಕ್ಕೆ, ಸಂಬಂಧಪಟ್ಟುದಾಗಿದೆ. ಸೂತಿಕೆಗೆ ಶಾಸ್ತ್ರವು ಏನನ್ನು ವಿಧಿಸಿತು, ಮಲೆನಾಡಿನ ರೂಢಿಯು ಅದರಲ್ಲಿ ಯಾವುದನ್ನು ಉಳಿಸಿಕೊಂಡಿತು, ಯಾವುದನ್ನು ಕಳೆಯಿತು ಎಂಬುದನ್ನು ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯನ್ನು, ವಿಶೇಷವಾಗಿ ಶಿರಾಡಿ ಘಟ್ಟದ ಅಂಚಿನ ಮಾರನಹಳ್ಳಿಯ ಸುತ್ತಣ ಪ್ರದೇಶವನ್ನು, ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿಚಾರಿಸಲಾಗಿದೆ.

೨

ಮೊದಲು ಕೆಲವು ಶಬ್ದಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಕನ್ನಡದ ಬಾಣಂತಿ, ತೆಲುಗಿನ ಬಾಲಿಂತ, ಮರಾಠಿಯ ಬಾಳಂತೀಣ ಎಂಬ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇವು ಒಂದೇ ಕುಲದ ಶಬ್ದಗಳೆಂದೂ, ಬಾಲಶಬ್ದವು ಇವಕ್ಕೆ ಮೂಲವೆಂದೂ ತೋರುತ್ತದೆ. ಮಗುವುಳ್ಳವಳು ಎಂಬಷ್ಟೇ ಅರ್ಥ. ಇದರಲ್ಲಿ ಮೈಲಿಗೆಯ ಸೂಚನೆಯಿಲ್ಲ. ವೈದ್ಯಶಾಸ್ತ್ರದ ಸೂತಿಕಾಶಬ್ದವೂ ಹೆತ್ತವಳು ಎಂಬುದನ್ನು ಮಾತ್ರ ಹೇಳುತ್ತದೆ. ಸೂತಕವಾದರೋ ಧರ್ಮಶಾಸ್ತ್ರದ ವಿಷಯ. ಜನನದಿಂದ ಕುಲದವರಿಗೆ ಒದಗುವ ಆಶೌಚಕ್ಕೆ ಅದು ಹೆಸರು. ಅದನ್ನೇ ಕನ್ನಡದಲ್ಲಿ ಪುರುಡು ಎನ್ನುವರು. ಪುರುಡಿನ ಗಡುವು ಸಾಮಾನ್ಯವಾಗಿ ಹತ್ತು ದಿನ. ಸೂತಿಕೆಯ ಗಡುವು ಅದಕ್ಕಿಂತ ಬಹಳ ದೀರ್ಘವಾದುದು, ಅದರ ಪ್ರಯೋಜನವೂ ಬೇರೆ. ಒಂದು ದೂರವಿರಿಸುವುದಕ್ಕೆ, ಇನ್ನೊಂದು ಪೋಷಿಸುವುದಕ್ಕೆ. ಈ ಎರಡನ್ನೂ ಒಂದೆಂದು ತಿಳಿದುದರಿಂದಾದ ಅನರ್ಥವು ಮುಂದೆ ತಿಳಿದುಬರುವುದು.

ಇನ್ನು ಸನ್ನಿ, ನಂಜು ಎಂಬ ಎರಡು ಶಬ್ದಗಳು. ಸನ್ನಿಯು ಸನ್ನಿಪಾತದ ತದ್ಭವ. ಹೆರಿಗೆಯ ತರುವಾಯ ಜ್ವರವೇರಿ ಪ್ರಲಾಪಿಸಿದರೂ ಬಾಣಂತಿ ಸನ್ನಿ, ಜ್ವರವಿಲ್ಲದೆ ಚಿತ್ತವು ಕೆಟ್ಟು ಮಗುವನ್ನೇ ನೋಡಲೊಲ್ಲದಿದ್ದರೂ ಬಾಣಂತಿ ಸನ್ನಿ. ಮೊದಲನೆಯದು ಗರ್ಭಕೋಶಕ್ಕೆ ಹತ್ತಿದ ಸೋಂಕಿನಿಂದ ಬರುವುದು, ಎರಡನೆಯದು ಮನೋರೋಗವೆಂದು ಈಗ ಸ್ಪಷ್ಟವಾಗಿದೆ. ಎರಡಕ್ಕೂ ಚಿಕಿತ್ಸೆಯುಂಟು, ಆದರೆ ಒಂದೇ ಚಿಕಿತ್ಸೆಯಲ್ಲ. ನಂಜೆಂಬುದು ವಿಷಕ್ಕೆ ಅಚ್ಚಗನ್ನಡದ ಹೆಸರು. ಹಸಿಮೈಗೆ ಆಗದೆಂದು ಎಣಿಸಿದ ತರಕಾರಿಗಳನ್ನೆಲ್ಲ ‘ನಂಜು’ ಎಂದು ತಳ್ಳುವ ವಾಡಿಕೆಯು ಇದರಿಂದ ಹುಟ್ಟಿತು.

೩

ಚರಕಸಂಹಿತೆಯ ಶಾರೀರಸ್ಥಾನದ ೮ನೆಯ ಅಧ್ಯಾಯವೂ, ಸುಶ್ರುತಸಂಹಿತೆಯ ಶಾರೀರಸ್ಥಾನದ ೧೦ನೆಯ ಅಧ್ಯಾಯವೂ ಈ ವಿಷಯದಲ್ಲಿ ಮುಖ್ಯ ಪ್ರಮಾಣಗಳು. ಸೂತಿಕೆಗೆ ಬಂದ ವ್ಯಾಧಿಯು ಕಷ್ಟಸಾಧ್ಯ ಅಥವಾ ಅಸಾಧ್ಯವೆಂದು ಹೇಳಿ, ಅದಕ್ಕೆ ಕಾರಣವನ್ನು ಚರಕನು ಸ್ಫುಟವಾಗಿ ಕೊಡುತ್ತಾನೆ: ಗರ್ಭವು ಬೆಳೆದುದರಿಂದ ಅವಳ ಧಾತುಗಳೆಲ್ಲ ಸವೆದು ಸಡಿಲವಾಗಿವೆ, ಹೆರಿಗೆಯ ಬೇನೆಯಿಂದಲೂ ರಕ್ತಸ್ರಾವದಿಂದಲೂ ಶರೀರವು ಬರಿದಾಗಿದೆ. ಬರಿದಾದುದನ್ನು ತುಂಬುವುದೇ ಚಿಕಿತ್ಸೆಯ ಗುರಿಯೆಂಬುದು ಈ ಕಾರಣದಿಂದಲೇ ಸಿದ್ಧವಾಗುತ್ತದೆ.

ಕ್ರಮವು ಹೀಗಿದೆ. ಹಸಿವಾದ ಕೂಡಲೆ ಅವಳ ಶಕ್ತಿಗೆ ತಕ್ಕಷ್ಟು ತುಪ್ಪ, ಎಣ್ಣೆ ಮೊದಲಾದ ಸ್ನೇಹಗಳಲ್ಲೊಂದನ್ನು ಹಿಪ್ಪಲಿ, ಹಿಪ್ಪಲಿಯ ಬೇರು, ಚವ್ಯ, ಚಿತ್ರಮೂಲ, ಶುಂಠಿಗಳ ಪುಡಿಯೊಡನೆ ಕುಡಿಸಬೇಕು. ಹೊಟ್ಟೆಗೆ ತುಪ್ಪವನ್ನೂ ಎಣ್ಣೆಯನ್ನೂ ಸವರಿ, ದೊಡ್ಡ ಬಟ್ಟೆಯಿಂದ ಬಿಗಿದು ಕಟ್ಟಬೇಕು. ಸ್ನೇಹವು ಜೀರ್ಣವಾದಮೇಲೆ ಅದೇ ದ್ರವ್ಯಗಳಿಂದ ಸಿದ್ಧಪಡಿಸಿದ ತೆಳ್ಳನೆಯ ಗಂಜಿಯನ್ನು ಸ್ನೇಹ ಬೆರೆಸಿ ಕೊಡಬೇಕು. ಎರಡು ಹೊತ್ತೂ ಬಿಸಿನೀರನ್ನೆರೆಯಬೇಕು. ಹೀಗೆ ಐದು ಅಥವಾ ಏಳು ರಾತ್ರಿ ಕಳೆದ ಬಳಿಕ ಕ್ರಮವಾಗಿ ಪುಷ್ಟಿಯನ್ನು ಕೊಡಬೇಕು. ಸುಶ್ರುತನು ಬಲಾತೈಲದ ಅಭ್ಯಂಗವನ್ನೂ, ಕೆಟ್ಟ ರಕ್ತವು ನಿಲ್ಲುವವರೆಗೆ ಎರಡು ಮೂರು ದಿನ ಪಿಪ್ಪಲ್ಯಾದಿ ಚೂರ್ಣದೊಡನೆ ಬಿಸಿಯಾದ ಬೆಲ್ಲದ ನೀರನ್ನೂ ಹೇಳುತ್ತಾನೆ. ತರುವಾಯ ಮೂರು ರಾತ್ರಿ ಸ್ನೇಹದ ಇಲ್ಲವೆ ಹಾಲಿನ ಗಂಜಿ. ಅದರ ಮೇಲೆ ಜವೆ, ಎಲಚಿ, ಹುರುಳಿಗಳಿಂದ ಸಿದ್ಧವಾದ ಜಾಂಗಲಮಾಂಸದ ರಸದೊಡನೆ ಶಾಲಿಯಕ್ಕಿಯ ಅನ್ನ. ಈ ವಿಧಿಯಿಂದ ಒಂದೂವರೆ ತಿಂಗಳು ಕಳೆದಮೇಲೆ ಅವಳು ಆಹಾರವಿಹಾರಗಳ ಕಟ್ಟಿನಿಂದ ಬಿಡುಗಡೆ ಹೊಂದಿ, ಸೂತಿಕೆಯೆಂಬ ಹೆಸರನ್ನೂ ಕಳೆದುಕೊಳ್ಳುವಳು. ಋತುದರ್ಶನವಾಗುವವರೆಗೆ ಆ ಹೆಸರು ಉಳಿಯುವುದೆಂಬ ಮತಾಂತರವನ್ನೂ ಅವನು ಸೂಚಿಸಿದ್ದಾನೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಪಾನ, ಗಂಜಿ, ಅನ್ನವೆಂದು ಮೆಟ್ಟಿಲು ಮೆಟ್ಟಿಲಾಗಿ ಆಹಾರವು ಏರುತ್ತ ಹೋಗುವುದೇ ಹೊರತು ಯಾವ ಮೆಟ್ಟಿಲಿನಲ್ಲಿಯೂ ಉಪವಾಸವಿಲ್ಲ. ಎರಡನೆಯದಾಗಿ, ಹೆರಿಗೆಯ ಕಾಲದಲ್ಲಿ ಸಮೀಪದಲ್ಲಿರತಕ್ಕ ನಾಲ್ವರು ಹೆಂಗಸರು ವಯಸ್ಸಾದವರೂ, ಹೆರಿಗೆ ಮಾಡಿಸುವುದರಲ್ಲಿ ನಿಪುಣರೂ, ಉಗುರು ಕತ್ತರಿಸಿಕೊಂಡವರೂ ಆಗಿರಬೇಕೆಂದು ಸುಶ್ರುತನು ವಿಧಿಸುತ್ತಾನೆ. ೧೮೪೭ರಲ್ಲಿ ವಿಯೆನ್ನಾ ನಗರದ ವೈದ್ಯ ಸೆಮೆಲ್‌ವೈಸನು, ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆದು ಹೆರಿಗೆ ಮಾಡಿಸಿದರೆ ಬಾಣಂತಿಜ್ವರದ ಸಾವು ಇಳಿಯುವುದೆಂದು ತೋರಿಸಿಕೊಟ್ಟನು. ಸುಶ್ರುತನಿಗೆ ಕ್ರಿಮಿವಿಜ್ಞಾನವು ತಿಳಿದಿತ್ತೆಂದು ಇದರಿಂದ ಹೇಳಲಾಗದು. ಆದರೂ ಕೈಯ ಶುದ್ಧಿಯನ್ನು ಮರೆತು ಊಟದ ನಿಷೇಧವನ್ನಷ್ಟೇ ನೆನಪಿಟ್ಟುಕೊಂಡ ರೂಢಿಯು ಶಾಸ್ತ್ರಾನುಸಾರಿಯಾದುದಲ್ಲವೆಂಬುದಂತೂ ನಿಶ್ಚಯ.

೪

ಒಂದೇ ವಿಧಿಯು ಎಲ್ಲ ದೇಶಕ್ಕೂ ಸಲ್ಲುವುದೇ? ಈ ಪ್ರಶ್ನೆಗೆ ವಿಸ್ತಾರವಾದ ಉತ್ತರವು ಕಾಶ್ಯಪಸಂಹಿತೆಯಲ್ಲಿ ದೊರೆಯುತ್ತದೆ. ವೃದ್ಧಜೀವಕೀಯ ತಂತ್ರವೆಂದೂ ಹೆಸರುಳ್ಳ ಈ ಕೌಮಾರಭೃತ್ಯ ಗ್ರಂಥವು ನೇಪಾಳದಲ್ಲಿ ದೊರೆತ ಅಪೂರ್ಣವಾದ ತಾಳೆಯೋಲೆಯ ಪ್ರತಿಯ ಆಧಾರದಿಂದ ೧೯೩೮ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರ ಖಿಲಸ್ಥಾನದಲ್ಲಿ ಸೂತಿಕೋಪಕ್ರಮಕ್ಕೆಂದೇ ಒಂದು ಅಧ್ಯಾಯವಿದೆ. ಅಲ್ಲಿ ದೇಶವನ್ನು ಅನೂಪ, ಜಾಂಗಲ, ಸಾಧಾರಣವೆಂದು ವಿಭಾಗಿಸಿ ಉಪಚಾರಭೇದವನ್ನು ಹೇಳಿದೆ. ನೀರು ಹೆಚ್ಚಿ ತೇವವುಳ್ಳ ಅನೂಪದೇಶದಲ್ಲಿ ವಾತಕಫಗಳ ರೋಗಗಳು ಪ್ರಬಲವಾದುದರಿಂದ ಮೊದಲಿಗೇ ಸ್ನೇಹವನ್ನು ಕೊಡದೆ, ಅಗ್ನಿಬಲವನ್ನು ಹೆಚ್ಚಿಸುವ ಗಂಜಿಯ ತಿಳಿ, ಬೆವರಿಸುವಿಕೆ, ಗಾಳಿ ನುಗ್ಗದ ಮಲಗುವ ಸ್ಥಳ, ಎಲ್ಲವೂ ಬಿಸಿಯಾಗಿರುವಿಕೆ ಇವು ಹಿತ. ಒಣಪ್ರದೇಶವಾದ ಜಾಂಗಲದಲ್ಲಿ ಸ್ನೇಹವು ಮೊದಲಿನಿಂದಲೂ ಹಿತ. ಸಾಧಾರಣದಲ್ಲಿ ಎರಡರ ನಡುವಣ ಮಾರ್ಗ. ದೇಶವಷ್ಟೇ ಅಲ್ಲದೆ ಆಯಾ ಕುಲಕ್ಕೆ ಒಗ್ಗಿದ ಆಹಾರವನ್ನೂ ನೋಡಬೇಕೆಂಬುದು ಗ್ರಂಥಕಾರನ ಅಭಿಪ್ರಾಯ.

ಹಾಸನ ಜಿಲ್ಲೆಯೊಂದರಲ್ಲಿಯೇ ಈ ಮೂರು ದೇಶಗಳೂ ಕಾಣಸಿಗುತ್ತವೆ. ಪೂರ್ವದಲ್ಲಿ ಅರಸೀಕೆರೆಯ ಕಡೆ ವರ್ಷಕ್ಕೆ ಮೂವತ್ತು ಅಂಗುಲದೊಳಗಿನ ಮಳೆ, ರಾಗಿ, ತೆಂಗು. ನಡುವೆ ಆಲೂರು, ಅರೆಮಲೆನಾಡು, ಗದ್ದೆಯೂ ಹೊಲವೂ ಕೂಡಿದುದು. ಪಶ್ಚಿಮದಲ್ಲಿ ಹಿಂದೆ ಮಂಜರಾಬಾದ್ ತಾಲ್ಲೂಕೆಂದು ಹೆಸರಾಗಿದ್ದ ಸಕಲೇಶಪುರ ಸೀಮೆ. ಘಟ್ಟದಂಚಿಗೆ ಬಂದಂತೆ ಮಳೆಯು ನೂರು ಅಂಗುಲವನ್ನು ಮೀರುವುದು. ಮಾರನಹಳ್ಳಿಯು ಸಕಲೇಶಪುರದಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿಯಲ್ಲಿ ಈ ಘಟ್ಟದ ಸೆರಗಿನಲ್ಲಿದೆ. ಕಾಡು, ಹಳ್ಳ, ಏಲಕ್ಕಿ, ಕಾಫಿ, ಮೆಣಸಿನ ಬಳ್ಳಿ, ಮುಂಗಾರಿನ ತಿಂಗಳುಗಳಲ್ಲಿ ಬಿಸಿಲನ್ನೇ ಕಾಣದ ಅಂಗಳ, ಇವೆಲ್ಲ ಸೇರಿ ಶಾಸ್ತ್ರೋಕ್ತವಾದ ಅನೂಪದ ಲಕ್ಷಣವು ಪೂರ್ಣವಾಗಿದೆ.

ಇಲ್ಲಿಯ ಬಾಣಂತನದ ಕ್ರಮವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದು ಬರಿಯ ಮೂಢಾಚಾರವೆಂದು ತಳ್ಳುವುದಕ್ಕೆ ಬರುವುದಿಲ್ಲ. ಬಚ್ಚಲ ಹಂಡೆಯಲ್ಲಿ ಕಾದ ನೀರು, ಹರಳೆಣ್ಣೆಯ ನೀವುವಿಕೆ, ಹೊಟ್ಟೆಗೆ ಹಳೆಯ ಸೀರೆಯ ಕಟ್ಟು, ತಲೆಗೂ ಕಿವಿಗೂ ಬಟ್ಟೆ, ಮಂಚದ ಬಳಿ ಅಗ್ಗಿಷ್ಟಿಕೆ ಇವು ತೇವವನ್ನೂ ಶೀತವನ್ನೂ ತಡೆಯತಕ್ಕ ಉಪಾಯಗಳು. ಕೆಂಡದ ಮೇಲೆ ಬಿದಿರಿನ ಬುಟ್ಟಿಯನ್ನು ಕವುಚಿ ಮಗುವಿನ ಬಟ್ಟೆಗಳನ್ನು ಒಣಗಿಸುವ ರೂಢಿಯನ್ನು ಆಷಾಢಮಾಸದ ಮಲೆನಾಡನ್ನು ಕಂಡವರು ಮೆಚ್ಚದಿರಲಾರರು. ಊಟದಲ್ಲಿ ಬಿಸಿಯನ್ನ, ಮೆಣಸು ಜೀರಿಗೆಯ ಸಾರು, ಬೆಳ್ಳುಳ್ಳಿ, ಶುಂಠಿ, ಓಮ, ಸಬ್ಬಸಿಗೆ ಸೊಪ್ಪು. ದಿನಗಳು ಕಳೆದಂತೆ ಮೆಂತ್ಯ, ಒಣಕೊಬ್ಬರಿ, ಬೆಲ್ಲ, ಅಂಟು, ತುಪ್ಪ ಕೂಡಿದ ಉಂಡೆ. ಗ್ರಂಧಿಗೆ ಅಂಗಡಿಯಲ್ಲಿ ಬಾಣಂತಿ ಸಾಮಾನು ಕೇಳಿದರೆ ಹಿಪ್ಪಲಿಯೂ ಒಣಶುಂಠಿಯೂ ಅದರಲ್ಲಿ ತಪ್ಪುವುದಿಲ್ಲ. ಪಂಚಕೋಲದ ಐದರಲ್ಲಿ ಚವ್ಯ, ಚಿತ್ರಮೂಲಗಳು ಅಡಿಗೆಮನೆಯಿಂದ ಜಾರಿಹೋಗಿ, ಅವುಗಳ ಕೆಲಸವನ್ನು ಹಿತ್ತಿಲಿನ ಬಳ್ಳಿಯ ಕರಿಮೆಣಸು ವಹಿಸಿಕೊಂಡಿತೆಂದು ಹೇಳಬಹುದು. ಸ್ನೇಹಕ್ಕಿಂತ ಮೊದಲು ಉಷ್ಣವನ್ನೂ ದೀಪನವನ್ನೂ ನೋಡುವ ಈ ಕ್ರಮವು ಕಾಶ್ಯಪನ ಅನೂಪವಿಧಿಗೆ ಸಂವಾದಿಯಾಗಿದೆ. ಮಲೆಯ ಅಜ್ಜಿಯರು ಕಾಶ್ಯಪಸಂಹಿತೆಯನ್ನು ಓದಿದವರಲ್ಲ. ದೇಶವೇ ಇಬ್ಬರಿಗೂ ಪಾಠ ಹೇಳಿತೆಂದು ಭಾವಿಸುವುದು ಯುಕ್ತ.

೫

ಈ ಜ್ಞಾನವು ಕನ್ನಡದಲ್ಲಿ ಗ್ರಂಥಸ್ಥವಾದುದೆಷ್ಟು ಎಂಬುದು ಸಾಹಿತ್ಯದ ಅಧ್ಯಾಪಕರು ವಿಚಾರಿಸತಕ್ಕ ಸಂಗತಿ. ಕವಿಚರಿತೆಯನ್ನು ತಿರುವಿದರೆ ಪಶುಗಳಿಗೆ ಕೀರ್ತಿವರ್ಮನ ಗೋವೈದ್ಯ, ಕುದುರೆಗಳಿಗೆ ಅಭಿನವಚಂದ್ರನ ಅಶ್ವಶಾಸ್ತ್ರ, ವಿಷಗಳಿಗೆ ಮಂಗರಾಜನ ಖಗೇಂದ್ರಮಣಿದರ್ಪಣ, ಶಿಶುಗಳಿಗೆ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆ, ಪಾಕಕ್ಕೆ ಮೂರನೆಯ ಮಂಗರಸನ ಸೂಪಶಾಸ್ತ್ರ ಹೀಗೆ ಹೆಸರಾಂತ ಕೃತಿಗಳು ದೊರೆಯುತ್ತವೆ. ಬಾಣಂತಿಯ ಹೆಸರಿನಲ್ಲಿ ಇವುಗಳಷ್ಟು ಪ್ರಸಿದ್ಧವಾದ ಹಳಗನ್ನಡ ಗ್ರಂಥವಿಲ್ಲ. ಆ ವಿದ್ಯೆಯು ತಾಯಿಯಿಂದ ಮಗಳಿಗೆ, ಸೂಲಗಿತ್ತಿಯಿಂದ ಸೊಸೆಗೆ ಬಾಯಿಮಾತಿನಲ್ಲಿ ನಡೆದುಬಂದಿತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದುದು ಆ ಲಿಖಿತವಲ್ಲದ ಶಾಸ್ತ್ರಕ್ಕೆ ಸಂದ ಮನ್ನಣೆಯೇ ಸರಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಾಲವಾದರು. ಬರೆಹವಿಲ್ಲದ ವಿದ್ಯೆಗೆ ಒಂದು ಅಪಾಯವುಂಟು: ವಿಧಿಯು ಉಳಿದು ಕಾರಣವು ಮರೆತುಹೋಗುವುದು.

ಮಾಂಸದ ವಿಷಯವು ಇದಕ್ಕೆ ಉತ್ತಮ ಉದಾಹರಣೆ. ಸುಶ್ರುತನು ಸೂತಿಕೆಗೆ ಮಾಂಸರಸವನ್ನು ವಿಧಿಸಿದನಷ್ಟೆ. ಕರ್ಣಾಟಕದ ಜೈನವೈದ್ಯರು ಇದನ್ನು ಒಪ್ಪಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯನು ಸಂಸ್ಕೃತದಲ್ಲಿ ಬರೆದ ಕಲ್ಯಾಣಕಾರಕದಲ್ಲಿ ಮಾಂಸಭಕ್ಷಣವನ್ನು ಖಂಡಿಸುವುದಕ್ಕೆಂದೇ ಹಿತಾಹಿತಾಧ್ಯಾಯವಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದಾಗಲೂ ಮದ್ಯಮಾಂಸಮಧುಗಳಿಲ್ಲದ ಚಿಕಿತ್ಸೆಯೇ ಅದರ ಹೆಗ್ಗಳಿಕೆಯಾಯಿತು. ಮಾಂಸವನ್ನು ಬಿಟ್ಟ ವೈದ್ಯನು ಅದರ ಸ್ಥಾನದಲ್ಲಿ ಬೇರೊಂದು ಬಲದ್ರವ್ಯವನ್ನು ಇಡಬೇಕಾಗುವುದು ಸಹಜ. ಹಾಲು, ತುಪ್ಪ, ಹೆಸರು, ಹುರುಳಿಗಳು ಆ ಸ್ಥಾನಕ್ಕೆ ತಕ್ಕವು. ಮಲೆನಾಡಿನ ಒಕ್ಕಲು ಮನೆಗಳಲ್ಲಿ ಬಾಣಂತಿಗೆ ನಾಟಿಕೋಳಿಯ ಸಾರು ಮಾಡುವುದರಿಂದ ಸುಶ್ರುತನ ವಿಧಿಯು ಬಹುಮಟ್ಟಿಗೆ ಉಳಿದುಬಂದಿದೆ. ಮಾಂಸವನ್ನುಣ್ಣದ ಮನೆಗಳಲ್ಲಿಯಾದರೋ, ಬೇಳೆಯು ವಾಯುವೆಂದೂ ಹಾಲು ಶೀತವೆಂದೂ ತರಕಾರಿಯು ನಂಜೆಂದೂ ಒಂದೊಂದನ್ನೇ ತೆಗೆದರೆ ಕೊನೆಗೆ ಎಲೆಯಲ್ಲಿ ಉಳಿಯುವುದು ಅನ್ನವೂ ಮೆಣಸಿನ ಸಾರೂ ಮಾತ್ರ. ಅನ್ನದಿಂದ ಹಸಿವು ತೀರೀತು. ಸವೆದ ಧಾತುವು ತುಂಬದು. ಮೊಲೆಯೂಡುವ ಮೊದಲ ಆರು ತಿಂಗಳಲ್ಲಿ ತಾಯಿಗೆ ದಿನಕ್ಕೆ ಸುಮಾರು ೬೦೦ ಕ್ಯಾಲೊರಿಯಷ್ಟು ಹೆಚ್ಚಿನ ಆಹಾರವೂ, ಅದಕ್ಕೆ ತಕ್ಕ ಸಸಾರಜನಕವೂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ಗೊತ್ತುಪಡಿಸಿದೆ. ಚರಕನ ಪುಷ್ಟಿಕ್ರಮವನ್ನೇ ಇದು ಅಂಕಿಗಳಲ್ಲಿ ಹೇಳುತ್ತದೆ.

೬

ರೂಢಿಯು ಶಾಸ್ತ್ರವನ್ನು ಬಿಟ್ಟ ಸ್ಥಳಗಳಲ್ಲಿ ನೀರಿನ ನಿಷೇಧವು ಮೊದಲನೆಯದು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುವುದೆಂದು, ಮೈ ಊದುವುದೆಂದು ಹೇಳಿ ದಿನಕ್ಕೆ ಒಂದೆರಡು ಲೋಟಕ್ಕೆ ಮಿತಿಗೊಳಿಸುವ ಮನೆಗಳು ಕನ್ನಡನಾಡಿನ ಎಲ್ಲ ಕಡೆಯೂ ಇದ್ದುವು. ಸುಶ್ರುತನು ಮೊದಲ ದಿನವೇ ಬೆಲ್ಲದ ಬಿಸಿನೀರನ್ನು ಕೊಡಿಸುತ್ತಾನೆ. ತಣ್ಣೀರು ಬೇಡವೆಂಬುದು ‘ನೀರೇ ಬೇಡ’ ಎಂದಾದುದು ಕಾರಣವನ್ನು ಮರೆತ ವಿಧಿಯ ಫಲ.

ಎರಡನೆಯದು ಕೋಣೆ. ಗಾಳಿ ನುಗ್ಗಬಾರದೆಂಬುದು ಗಾಳಿಯೇ ಬಾರಬಾರದೆಂದಾಯಿತು. ಮುಚ್ಚಿದ ಕೋಣೆಯಲ್ಲಿ ರಾತ್ರಿಯೆಲ್ಲ ಉರಿಯುವ ಕೆಂಡದಿಂದ ವಿಷವಾಯು ಹುಟ್ಟಿ ತಾಯಿಮಕ್ಕಳಿಬ್ಬರ ಪ್ರಾಣಕ್ಕೂ ಅಪಾಯವಾಗುವುದೆಂಬುದನ್ನು ಈಗ ಎಲ್ಲರೂ ಅರಿಯತಕ್ಕದ್ದು. ಚರಕನು ವರ್ಣಿಸುವ ಸೂತಿಕಾಗಾರದಲ್ಲಿ ಬೆಂಕಿ, ನೀರು, ಒರಳು, ಅಡಿಗೆಯ ಮನೆ, ಸ್ನಾನದ ಸ್ಥಳ, ಮಲವಿಸರ್ಜನೆಯ ಸ್ಥಳ ಇಷ್ಟೂ ಇದ್ದು, ಅದು ಆಯಾ ಋತುವಿಗೆ ಸುಖಕರವಾಗಿರಬೇಕು. ಇದನ್ನು ಓದಿದಮೇಲೆ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿಯ ಗೊಲ್ಲರಹಟ್ಟಿಯಲ್ಲಿ ೨೦೨೩ರ ಜುಲೈ ತಿಂಗಳಲ್ಲಿ ನಡೆದುದನ್ನು ನೆನೆದರೆ ಸಂಕಟವಾಗದಿರದು. ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಣ ಗುಡಿಸಿಲಿನಲ್ಲಿರಿಸಿದ್ದಾಗ ಮಳೆಚಳಿಗಳಲ್ಲಿ ಆ ಕೂಸು ತೀರಿಕೊಂಡಿತು. ಸೂತಿಕೆಗೆ ಆಗಾರವನ್ನು ಕಟ್ಟೆಂದ ಶಾಸ್ತ್ರವನ್ನು ಬಿಟ್ಟು ಪುರುಡಿನ ಆಶೌಚವನ್ನು ಹಿಡಿದುದರ ಪರಿಣಾಮವಿದು.

ಮೂರನೆಯದು ಆಕ್ಷೇಪದ ಮಾತು. ಬಾಣಂತಿಗೆ ಜ್ವರ ಬಂದರೆ ‘ಪಥ್ಯ ಕೆಡಿಸಿಕೊಂಡಳು’, ಚಿತ್ತ ಕದಡಿದರೆ ‘ಗಾಳಿಗೆ ಹೋದಳು’ ಎಂದು ದೋಷವನ್ನು ಅವಳ ಮೇಲೆಯೇ ಹೊರಿಸುವುದು ವಾಡಿಕೆ. ಸೋಂಕು ತಂದ ಕೈಯಾಗಲಿ, ತಡವಾದ ಚಿಕಿತ್ಸೆಯಾಗಲಿ ವಿಚಾರಣೆಗೆ ಬರುವುದಿಲ್ಲ. ಪಥ್ಯವು ಉಣಿಸುವವರ ಕರ್ತವ್ಯವಾಗಿದ್ದುದು ಉಣ್ಣುವವಳ ಅಪರಾಧವಾಗಿ ಪರಿಣಮಿಸಿತು. ಅರ್ಥಸಂಕೋಚದ ಅತ್ಯಂತ ಕ್ರೂರವಾದ ಫಲವು ಇದೇ.

ಶಾಸ್ತ್ರವು ಎಲ್ಲೆಡೆಯೂ ನಿರ್ದುಷ್ಟವೆಂದು ಸಾಧಿಸುವುದೂ ಸತ್ಯಕ್ಕೆ ವಿರುದ್ಧ. ಮೂರು ನಾಲ್ಕು ರಾತ್ರಿಗಳ ತರುವಾಯವೇ ಸ್ತನ್ಯವು ಪ್ರವರ್ತಿಸುವುದೆಂದು ಹೇಳಿ, ಅದುವರೆಗೆ ಕೂಸಿಗೆ ಜೇನು ತುಪ್ಪಗಳನ್ನು ನೆಕ್ಕಿಸುವ ಕ್ರಮವನ್ನು ಸುಶ್ರುತ ವಾಗ್ಭಟರು ವಿಧಿಸಿದ್ದಾರೆ. ಇದರಿಂದ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವ ರೂಢಿಗೆ ಬಲ ಬಂದಿತು. ಆ ಮೊದಲ ಹಾಲೇ ಕೂಸಿಗೆ ರೋಗನಿರೋಧಕವೆಂದೂ, ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕೆಂದೂ, ಒಂದು ವರ್ಷದೊಳಗಿನ ಶಿಶುವಿಗೆ ಜೇನು ಅಪಾಯಕರವೆಂದೂ ಈಗ ಸಿದ್ಧವಾಗಿದೆ. ಯುಕ್ತಿಯನ್ನೂ ಪ್ರಮಾಣವೆಂದು ಎಣಿಸಿದ ಚರಕನ ಅನುಯಾಯಿಗಳು ಈ ತಿದ್ದುಪಡಿಯನ್ನು ಅಂಗೀಕರಿಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

೭

ಕೊನೆಯದಾಗಿ ಕಾಲದ ವಿಚಾರ. ಶಾಸ್ತ್ರದ ಗಡುವು ಒಂದೂವರೆ ತಿಂಗಳು, ಅಂದರೆ ೪೫ ದಿನ. ಆಧುನಿಕ ವೈದ್ಯವು ಹೆರಿಗೆಯ ತರುವಾಯದ ೪೨ ದಿನಗಳನ್ನು ಸೂತಿಕಾಕಾಲವೆಂದು ಎಣಿಸುತ್ತದೆ. ಎರಡು ಮಾರ್ಗಗಳು ಇಷ್ಟು ಸಮೀಪಕ್ಕೆ ಬಂದಿರುವುದು ಶರೀರದ ಸ್ವಭಾವವು ಒಂದೇ ಆದುದರಿಂದ. ಆದರೆ ಈ ಕಾಲವು ಎಲ್ಲ ಬಾಣಂತಿಯರಿಗೂ ಸಿಕ್ಕಿತೇ? ಉಳ್ಳವರ ಮಗಳು ತವರಿನಲ್ಲಿ ಮೂರು ತಿಂಗಳು, ಐದು ತಿಂಗಳು ಬೆಚ್ಚಗೆ ಮಲಗಿದಳು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮಂಜರಾಬಾದಿನಲ್ಲಿ ಕಾಫಿಯ ತೋಟಗಳು ಹಬ್ಬಿದುವು. ದಿನಗೂಲಿಯೇ ಜೀವನವಾದ ಹೆಂಗಸಿಗೆ ಬಾಣಂತನವು ಕೂಲಿಯ ನಷ್ಟವೆಂದೇ ಅರ್ಥ. ೧೯೬೧ರ ಹೆರಿಗೆ ಸೌಲಭ್ಯದ ಕಾಯಿದೆಯು ತೋಟಗಳನ್ನೂ ಒಳಗೊಂಡು, ಹೆರಿಗೆಯ ತರುವಾಯ ಆರು ವಾರಗಳವರೆಗೆ ಯಾವ ಧಣಿಯೂ ಅವಳನ್ನು ದುಡಿಸಕೂಡದೆಂದು ಕಟ್ಟುಮಾಡಿತು. ಆರು ವಾರವೆಂದರೆ ೪೨ ದಿನ. ಸುಶ್ರುತನು ವೈದ್ಯನಿಗೆ ಹೇಳಿದುದನ್ನು ಶಾಸನವು ಧಣಿಗೆ ಹೇಳಿತು. ೨೦೧೭ರ ತಿದ್ದುಪಡಿಯಿಂದ, ಇಬ್ಬರಿಗಿಂತ ಕಡಿಮೆ ಮಕ್ಕಳುಳ್ಳವರಿಗೆ ಸಂಬಳಸಹಿತವಾದ ರಜೆಯು ೧೨ ವಾರಗಳಿಂದ ೨೬ ವಾರಗಳಿಗೆ ಏರಿತು.

ಅದೇ ವರ್ಷದ ಅಕ್ಟೋಬರ್ ೨ರಂದು ಕರ್ನಾಟಕ ಸರ್ಕಾರವು ಮಾತೃಪೂರ್ಣವೆಂಬ ಯೋಜನೆಯನ್ನು ಆರಂಭಿಸಿ, ಗರ್ಭಿಣಿಯರಿಗೂ ಆರು ತಿಂಗಳವರೆಗಿನ ಬಾಣಂತಿಯರಿಗೂ ಅಂಗನವಾಡಿಯಲ್ಲಿ ದ್ವಿದಳ, ಹಾಲು, ಮೊಟ್ಟೆ, ಕಡಲೆಕಾಯಿ ಬೆಲ್ಲದ ಚಿಕ್ಕಿಗಳೊಡನೆ ಮಧ್ಯಾಹ್ನದ ಬಿಸಿಯೂಟವನ್ನು ಏರ್ಪಡಿಸಿತು. ಉದ್ದೇಶವು ಶಾಸ್ತ್ರಸಮ್ಮತವೇ. ಆದರೆ ಹಸಿಬಾಣಂತಿಯು ಹೊಸಲು ದಾಟಬಾರದೆಂಬ ರೂಢಿಯುಳ್ಳ ಕಡೆ, ಮನೆಯಿಂದ ಮನೆಗೆ ಒಂದು ಗುಡ್ಡವೇ ಅಡ್ಡವಿರುವ ಕಡೆ, ಮಳೆಗಾಲದಲ್ಲಿ ಕೂಸನ್ನೆತ್ತಿಕೊಂಡು ಊಟಕ್ಕೆ ನಡೆದುಹೋಗೆಂಬುದು ಕಾಶ್ಯಪನು ಹೇಳಿದ ದೇಶವಿಚಾರವನ್ನು ಮರೆತ ವಿಧಿಯಾಗುತ್ತದೆ. ಊಟವನ್ನು ಅವಳಿದ್ದಲ್ಲಿಗೆ ಮುಟ್ಟಿಸುವುದೇ ಅನೂಪದೇಶಕ್ಕೆ ತಕ್ಕ ಕ್ರಮ. ೨೦೧೮ರ ಆಗಸ್ಟ್ ತಿಂಗಳಿನಲ್ಲಾದಂತೆ ಗುಡ್ಡ ಕುಸಿದು ಶಿರಾಡಿಯ ರಸ್ತೆಯೇ ಮುಚ್ಚುವುದುಂಟಾದುದರಿಂದ, ಆ ಭಾಗದ ಗರ್ಭಿಣಿಯು ದಿನ ತುಂಬುವ ಮೊದಲೇ ಆಸ್ಪತ್ರೆಗೆ ಸಮೀಪವಾಗಿರುವುದೂ ಪಥ್ಯದ ಒಂದು ಅಂಗವೆಂದು ಎಣಿಸತಕ್ಕದ್ದು.

ಈ ವಿಚಾರದಿಂದ ನಿಷ್ಪನ್ನವಾಗುವುದು ಇಷ್ಟು. ಸೂತಿಕೆಯ ವಿಷಯದಲ್ಲಿ ಶಾಸ್ತ್ರವು ಉಣಿಸುವ ಪಕ್ಷಕ್ಕೆ ಸೇರಿದುದು. ಮಲೆನಾಡಿನ ರೂಢಿಯು ಉಷ್ಣ, ವಿಶ್ರಾಂತಿ, ಅಭ್ಯಂಗಗಳಲ್ಲಿ ಅದರ ಹೃದಯವನ್ನು ಉಳಿಸಿಕೊಂಡು, ನೀರು, ಬೇಳೆ, ತರಕಾರಿ, ಗಾಳಿಗಳಲ್ಲಿ ಅದನ್ನು ಬಿಟ್ಟಿತು. ‘ಬಾಣಂತಿಗೆ ಏನು ಪಥ್ಯ?’ ಎಂದು ಮನೆಯವರು ಕೇಳಿದರೆ ಬಿಡಬೇಕಾದುದರ ಪಟ್ಟಿಯನ್ನು ಮೊದಲು ಹೇಳುವುದು ಇಂದಿಗೂ ಅಭ್ಯಾಸ. ಪಾಣಿನಿಚರಕರ ಅರ್ಥದಲ್ಲಿ ಆ ಪ್ರಶ್ನೆಗೆ ಉತ್ತರವು ಬಡಿಸತಕ್ಕ ಪದಾರ್ಥಗಳ ಪಟ್ಟಿಯಾಗಿರಬೇಕು: ಬಿಸಿಯಾದ ಅನ್ನ, ಬೇಕೆಂದಾಗಲೆಲ್ಲ ಕಾಯಿಸಿದ ನೀರು, ಹಾಲು, ತುಪ್ಪ, ಬೇಳೆ, ಸೊಪ್ಪು, ಉಣ್ಣುವ ಮನೆಗಳಲ್ಲಿ ಮೊಟ್ಟೆ ಮಾಂಸಗಳು, ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ, ಒಂದೂವರೆ ತಿಂಗಳ ಬಿಡುವು. ಶಬ್ದದ ಹಳೆಯ ಅರ್ಥವನ್ನು ಉಳಿಸುವ ಕಾರ್ಯವು ಕೋಶಕಾರರದೆಂದು ಸಾಮಾನ್ಯವಾಗಿ ಎಣಿಸುವರು. ಈ ಒಂದು ಶಬ್ದದ ವಿಷಯದಲ್ಲಿ ಆ ಕಾರ್ಯವು ಅಡಿಗೆಮನೆಯಲ್ಲಿ ನಡೆಯಬೇಕಾಗಿದೆ.